ಹನ್ನೊಂದನೆಯ ಸಾಲಿನಲ್ಲಿ ಬದನೆಕಾಯಿ

ನಾನು ಬರೆದ ವಾಕ್ಯ ಇದು: "ಔಷಧಿಯ ಅಲರ್ಜಿ ಇದೆಯೇ ಎಂದು ನಮ್ಮನ್ನು ಯಾರೂ ಕೇಳಲಿಲ್ಲ."

ಐಸಿಯುವಿನ ಹೊರಗೆ ಉಕ್ಕಿನ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ, ಇಂಗ್ಲಿಷಿನಲ್ಲಿ ಬರೆದದ್ದು. ಅಮ್ಮ ಒಳಗಿದ್ದಳು. ಬರೆದು ಆಸ್ಪತ್ರೆಯ ದೂರಿನ ವಿಳಾಸಕ್ಕೆ ಕಳಿಸಿ, ಕಳಿಸಿದ ಮೇಲೆ ಮತ್ತೊಮ್ಮೆ ಓದಿಕೊಂಡೆ. ಚೆನ್ನಾಗಿತ್ತು. ಒಂದು ಪದ ಹೆಚ್ಚಿರಲಿಲ್ಲ, ಒಂದು ಕಡಿಮೆ ಇರಲಿಲ್ಲ. ಬರೆಯುವುದೇ ಕಸುಬಾದವಳಿಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ನಾನು ಕಂಡ ಯಾವ ಬೆಳಗೂ ಅಷ್ಟು ಅಚ್ಚುಕಟ್ಟಾಗಿ ನಡೆದಿಲ್ಲ. ಆ ಬೆಳಗಂತೂ ಖಂಡಿತ ಅಲ್ಲ.

ಆ ಒಂದು ವಾಕ್ಯದಿಂದ ಒಬ್ಬ ನರ್ಸ್ ಕೆಲಸ ಕಳೆದುಕೊಳ್ಳುವುದರಲ್ಲಿದ್ದಳು. ಅದಕ್ಕಾಗಿ ಆ ಬೆಳಗನ್ನು ಬಿಚ್ಚಿ ಬರೆಯಲು ನೋಡುತ್ತೇನೆ. ಬಿಚ್ಚಿದ್ದು ಮತ್ತೆ ಹೇಗೆ ಜೋಡಿಸಿಕೊಳ್ಳುತ್ತದೋ ನನಗೆ ಗೊತ್ತಿಲ್ಲ.

ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ನಾವಿರುವುದು ಮೂರು ಜನ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಅಮ್ಮ ನಲವತ್ತು ವರ್ಷ ದೆಹಲಿಯಲ್ಲಿದ್ದೂ ಹಿಂದಿಯನ್ನು ತರಕಾರಿ ಭಯ್ಯಾನ ಗಾಡಿಯಿಂದಾಚೆಗೆ ಒಯ್ದವಳಲ್ಲ. ಅವಳಿಗೆ ಎರಡು ದಿನದಿಂದ ಉರಿಮೂತ್ರ, ಜ್ವರ. ಮೂರನೆಯ ದಿನ ಬೆಳಿಗ್ಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ ಬಂತು. ನನ್ನನ್ನು ತನ್ನ ತಂಗಿ ಎಂದುಕೊಂಡು, "ಹಪ್ಪಳ ಒಳಗೆ ತಗೊಂಡ್ಯೇನೇ?" ಎಂದು ಕೇಳಿದಳು. ಆ ತಂಗಿ ತೀರಿಕೊಂಡು ಬಹಳ ವರ್ಷವಾಗಿದೆ. ತಕ್ಷಣ ಕ್ಯಾಬ್ ಕರೆಸಿದೆ.

ಎಮರ್ಜೆನ್ಸಿಯ ಬಾಗಿಲಲ್ಲಿ ಗಾರ್ಡ್, "ಏಕ್ ಅಟೆಂಡೆಂಟ್, ಸಿರ್ಫ್ ಏಕ್," ಎಂದು ಅಡ್ಡ ನಿಂತ. ಅಪ್ಪ ತಮ್ಮ ಪಿಂಚಣಿ ಕಾರ್ಡು ತೆಗೆದು ತೋರಿಸಿದರು. ಎಲ್ಲಿ ಕಷ್ಟ ಬಂದರೂ ಅವರು ತೋರಿಸುವುದು ಅದನ್ನೇ. ಮೆಟ್ರೋ ಗೇಟು ಕೆಟ್ಟಾಗಲೂ ತೋರಿಸಿದ್ದಾರೆ. ಗಾರ್ಡ್ ಅದರಿಂದ ಸೋತನೋ ಬೇಸತ್ತನೋ, ಅಂತೂ ಇಬ್ಬರೂ ಒಳಗೆ ಹೋದೆವು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ನಾನೂ ನಂಬುತ್ತಿಲ್ಲ.

ಹಸಿರು ಪರದೆಗಳಿದ್ದವು. ಪಕ್ಕದ ಹಾಸಿಗೆಯಲ್ಲಿ ಮಾನೇಸರಿನ ಯಾವುದೋ ಕಾರ್ಖಾನೆಯ ಸಮವಸ್ತ್ರ ತೊಟ್ಟ ಮಧ್ಯವಯಸ್ಸಿನವನೊಬ್ಬ, ಬ್ಯಾಂಡೇಜು ಸುತ್ತಿದ ಬೆರಳನ್ನು ಪ್ರಶ್ನೆ ಕೇಳುವವನಂತೆ ಮೇಲೆತ್ತಿಕೊಂಡು ಕೂತಿದ್ದ. ಎಲ್ಲಿಂದಲೋ ಒಂದು ಸ್ವರ, "ಸಾತ್ ನಂಬರ್ ಕಾ ಅಟೆಂಡೆಂಟ್ ಕೌನ್ ಹೈ?" ಎಂದು ಕೂಗುತ್ತಲೇ ಇತ್ತು. ಏಳನೆಯ ನಂಬರು ನಾವೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನರ್ಸ್ ಬಂದಳು. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರ್ಮು. ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿದ ಪುಟ್ಟ ಗಡಿಯಾರ. ಆ ಗಡಿಯಾರ ನನಗೆ ಸ್ಪಷ್ಟವಾಗಿ ನೆನಪಿದೆ. ಅವಳು ಏನು ಕೇಳಿದಳು ಎಂಬುದು ನೆನಪಿಲ್ಲ.

ಅಪ್ಪ ಫಾರ್ಮಿಗೆ ಸಹಿ ಹಾಕಿದರು. ತಮ್ಮದೇ ಪೆನ್ನಿನಿಂದ. ಒಬ್ಬ ಡಾಕ್ಟರ್ ಬಂದು, ಹೊಟ್ಟೆ ಒತ್ತಿ ನೋಡಿ, ರಕ್ತಕ್ಕೂ ಮೂತ್ರಕ್ಕೂ ಬರೆದುಕೊಟ್ಟು, ಪೆನ್ಸಿಲಿನ್ ಜಾತಿಯ ಇಂಜೆಕ್ಷನ್ನನ್ನು ಡ್ರಿಪ್ಪಿನಲ್ಲಿ ಹಾಕಲು ಹೇಳಿದರು. ಹಾಕಿದರು. ನಾನು ಬರವಣಿಗೆ ಕಲಿಸುವ ನನ್ನ ಕಾಲೇಜಿಗೆ ರಜೆಯ ಮೆಸೇಜು ಕಳಿಸುತ್ತಿದ್ದೆ. ಅಮ್ಮ ಅಂಗೈ ಕೆರೆದುಕೊಂಡಳು. ಮತ್ತೆ ಕೆರೆದುಕೊಂಡಳು. ಚಳಿಗೆ ಹಾಗೆ ಮಾಡುತ್ತಾಳೆ ಎಂದುಕೊಂಡೆ. ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು. ಅದೇ ನರ್ಸ್. ಡ್ರಿಪ್ಪಿನ ಕೊಳವೆಯ ಪುಟ್ಟ ಗಾಲಿ ತಿರುಗಿಸಿ ಹನಿ ನಿಲ್ಲಿಸಿ, ಅಮ್ಮನ ಗದ್ದ ಎತ್ತಿ ತುಟಿ ನೋಡಿ, ಪರದೆಯಾಚೆಗೆ ಕೂಗಿದಳು. ಅಷ್ಟರಲ್ಲಿ ಅಮ್ಮನ ಮುಖ ಬೇರೆ ಯಾರದೋ ಆಗಿತ್ತು. ಕಣ್ಣು ಮುಚ್ಚಿಹೋಗಿ, ಉಸಿರು ಸೀಟಿಯಾಗಿ, ಕತ್ತಿನ ತುಂಬ ದದ್ದು. ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ನಮ್ಮನ್ನು ಹೊರಗೆ ಕಳಿಸಿದರು.

ಹೊರಗೆ ಕೂತು ನಾನು ಬರೆದದ್ದೇ ಆ ವಾಕ್ಯ. ಮೊದಲು ಕಂಡುಹಿಡಿದವಳು ಆ ನರ್ಸ್ ಎಂಬುದು ನನ್ನ ದೂರಿನಲ್ಲಿ ಎಲ್ಲಿಯೂ ಇರಲಿಲ್ಲ.

ಮೂರು ದಿನ ಬಿಟ್ಟು ಅಮ್ಮ ವಾರ್ಡಿನಲ್ಲಿ ಕೂತು, "ಈ ಕಿಚಡಿಗೆ ಒಂದು ಮೆಣಸು ಬಿದ್ದಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಬೈಯುವಷ್ಟು ಚೇತರಿಸಿಕೊಂಡಿದ್ದಳು. ಆಗ ನನ್ನನ್ನು ಕೆಳಗಿನ ಮಹಡಿಗೆ ಕರೆಸಿದರು. ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ವಿಭಾಗ. ಅಲ್ಲಿದ್ದವರು ಒಬ್ಬ ಡಾಕ್ಟರಮ್ಮ. ಎಲ್ಲರೂ ಅವರನ್ನು ಕ್ವಾಲಿಟಿ ಮೇಡಂ ಎನ್ನುತ್ತಿದ್ದರು. ಮೇಜಿನ ಮೇಲೆ ನಮ್ಮ ಫಾರ್ಮು ಇಟ್ಟು, ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟರು.

ಔಷಧಿಯ ಅಲರ್ಜಿ. ಎರಡು ಚೌಕ: ಇದೆ, ಇಲ್ಲ. 'ಇಲ್ಲ' ಎಂಬಲ್ಲಿ ಗೆರೆ. ಎಲ್ಲಕ್ಕಿಂತ ಕೆಳಗೆ ಅಪ್ಪನ ಇನಿಶಿಯಲ್, ತಾರೀಕು, ಅದರ ಪಕ್ಕ ಪುಟ್ಟ ಅಂಕಿಗಳಲ್ಲಿ ಹನ್ನೊಂದು ನಲವತ್ತು. ಅಪ್ಪ ಸಮಯ ಬರೆಯದೆ ಎಲ್ಲಿಯೂ ಸಹಿ ಹಾಕುವವರಲ್ಲ.

"ನೋಡಿ," ಎಂದರು ಮೇಡಂ ಹಿಂದಿಯಲ್ಲಿ. "ಒಂದೋ ಸಿಸ್ಟರ್ ಕೇಳಿದ್ದಾರೆ, ನೀವು ಇಲ್ಲ ಅಂದಿದ್ದೀರಿ. ಇಲ್ಲವೇ, ಕೇಳದೆಯೇ ಗೆರೆ ಎಳೆದಿದ್ದಾರೆ. ನಿಮ್ಮ ಪತ್ರದ ಪ್ರಕಾರ ಎರಡನೆಯದು. ಕೇಳದೆ ಎಳೆಯುವುದು ಸಣ್ಣ ತಪ್ಪಲ್ಲ. ಅವರದು ಗುತ್ತಿಗೆ ಕೆಲಸ. ಕಾರಣ ಕೇಳಿ ಮೆಮೊ ಹೋಗಿದೆ. ಶುಕ್ರವಾರ ಮೀಟಿಂಗು."

"ನೀವು ಅವರನ್ನು ತೆಗೆದುಹಾಕ್ತೀರಾ?"

"ನಾನು ತೆಗೆಯುವವಳಲ್ಲ. ಯಾರು ಅನ್ನೋದು ನನಗೆ ಬೇಡ. ಎಲ್ಲಿ ಅನ್ನೋದು ಬೇಕು. ಆದರೆ ಮೀಟಿಂಗಿನಲ್ಲಿ ಆಡಳಿತದವರೂ ಇರುತ್ತಾರೆ. ಅವರಿಗೆ ಯಾರು ಅನ್ನೋದೇ ಬೇಕು."

ನಾನು ಫಾರ್ಮಿನ ಕಡೆ ನೋಡುತ್ತ ಕೂತೆ. ಅಪ್ಪ ಸಹಿ ಹಾಕಿದ್ದರೆ ಓದಿರಬೇಕು. ಓದಿದ್ದರೆ ಕೇಳಿರಬೇಕು. ಕೇಳಿದ್ದರೆ ನನ್ನ ವಾಕ್ಯ?

ಅಮ್ಮ ಮನೆಗೆ ಬಂದ ದಿನ ಊಟದ ಮೇಜಿನಲ್ಲಿ ವಿಚಾರಣೆ ಶುರುವಾಯಿತು. ಶುರು ಮಾಡಿದವಳು ನಾನು. ನಡೆಸಿದವರು ಎಲ್ಲರೂ.

"ಅಪ್ಪಾ, ಓದಿ ಹಾಕಿದ್ರಾ ಇನಿಶಿಯಲ್?"

ಅಪ್ಪ ಮಜ್ಜಿಗೆಯನ್ನು ಅನ್ನಕ್ಕೆ ಸುರಿದು ನಿಧಾನವಾಗಿ ಕಲಸಿದರು. "ನೋಡಮ್ಮ, ಫೈಲು ಕೆಳಗಿನಿಂದ ಬರುತ್ತೆ. ಡೀಲಿಂಗ್ ಹ್ಯಾಂಡ್ ಒಂದೊಂದು ಸಾಲೂ ನೋಡಿರ್ತಾನೆ. ಸೆಕ್ಷನ್ ಆಫೀಸರ್ ನೋಡಿರ್ತಾನೆ. ನನ್ನ ಮೇಜಿಗೆ ಬಂದಾಗ ನಾನು ಇನಿಶಿಯಲ್ ಹಾಕೋದು. ಎಲ್ಲಾನೂ ನಾನೇ ಓದ್ತಾ ಕೂತಿದ್ರೆ ಸರ್ಕಾರ ನಡೆಯೋದು ಹೇಗೆ?"

"ಇಲ್ಲಿ ಡೀಲಿಂಗ್ ಹ್ಯಾಂಡ್ ಯಾರು?"

"ನೀನು ಅಂದ್ಕೊಂಡೆ."

ಅಮ್ಮ ಕಿಸಕ್ಕನೆ ನಕ್ಕಳು. ಕೆಮ್ಮು ಬಂತು. ನೀರು ಕುಡಿದು, "ನನ್ನನ್ನ ಮಾತ್ರ ಯಾರೂ ಏನೂ ಕೇಳಲಿಲ್ಲಪ್ಪ," ಎಂದಳು. ನನಗೆ ಒಂದು ಕ್ಷಣ ಹಾಯೆನಿಸಿತು. ನನ್ನ ವಾಕ್ಯ ಉಳಿಯಿತು. ಆದರೆ ಅವಳು ಮುಂದುವರಿಸಿದಳು: "ಬದನೆಕಾಯಿ ವಿಷಯ ನಾನೇ ಹೇಳಿದೆ."

"ಯಾವಾಗ? ಯಾರಿಗೆ?"

"ಅಲ್ಲೇ. ಎಲ್ಲರಿಗೂ."

ಬದನೆಕಾಯಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಾವು ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ, ನನಗೆ ಎಂಟೋ ಒಂಬತ್ತೋ ವರ್ಷ, ಅಮ್ಮ ಒಂದು ಹಲ್ಲು ಕೀಳಿಸಿದ್ದಳು. ಹಲ್ಲು ಕಿತ್ತಾಗ ತಿನ್ನಬಾರದ ಬದನೆಕಾಯಿಯನ್ನು ತಿಂದಳು. ನಂಜಾಯಿತು. ಸಂಜೆಯ ಹೊತ್ತಿಗೆ ಮುಖ ಹಂಡೆಯಂತೆ ಊದಿ, ಮೈಯೆಲ್ಲ ದದ್ದು. ಅಂದಿನಿಂದ ನಮ್ಮ ಮನೆಗೆ ಬದನೆಕಾಯಿ ಬಂದಿಲ್ಲ. ವಾಂಗಿಭಾತಿನ ಪುಡಿ ಬಂದರೂ ಅದರಲ್ಲಿ ಬೀಳುವುದು ದೊಣ್ಣೆಮೆಣಸಿನಕಾಯಿ. ಬದನೆಕಾಯಿ ನಂಜು ಎಂಬುದನ್ನು ನಾನು ಕಾಲೇಜಿಗೆ ಸೇರಿದ ವರ್ಷದಿಂದ ಮೂಢನಂಬಿಕೆಯ ಪಟ್ಟಿಯಲ್ಲಿಟ್ಟಿದ್ದೆ.

ಅಮ್ಮ ಹೇಳುತ್ತಿದ್ದಂತೆ ನನಗೆ ದೃಶ್ಯ ಕಂಡಿತು. ಹಾಸಿಗೆಯ ಪಕ್ಕದಲ್ಲಿ ನಾನು. ನರ್ಸ್ ಕೇಳುತ್ತಾಳೆ: ಯಾವುದಾದರೂ ಔಷಧಿಯಿಂದ ಅಲರ್ಜಿ? ನಾನು ಅಮ್ಮನ ಕಡೆ ಬಾಗಿ ಕನ್ನಡದಲ್ಲಿ ಕೇಳುತ್ತೇನೆ. ಅಮ್ಮ ಕ್ವಾರ್ಟರ್ಸಿನಿಂದ ಶುರು ಮಾಡುತ್ತಾಳೆ, ಹಲ್ಲು, ಬದನೆಕಾಯಿ, ಹಂಡೆಯಂಥ ಮುಖ. ನಾನು ನರ್ಸ್ ಕಡೆ ತಿರುಗಿ ಅಷ್ಟನ್ನೂ ಎರಡು ಪದಕ್ಕೆ ಇಳಿಸುತ್ತೇನೆ: "ಕುಛ್ ನಹೀ." ನಲವತ್ತು ವರ್ಷ ಅಮ್ಮನ ಮಾತನ್ನು ಹಿಂದಿಗೆ ಹಾಗೆಯೇ ಇಳಿಸುತ್ತ ಬಂದಿದ್ದೇವೆ. ಬ್ಯಾಂಕಿನಲ್ಲಿ, ಆಧಾರಿನ ಕಚೇರಿಯಲ್ಲಿ, ಗ್ಯಾಸಿನವನೆದುರು. ಅಮ್ಮ ಒಂದು ಅಧ್ಯಾಯ ಹೇಳುತ್ತಾಳೆ, ನಾವು ಹೌದು ಅಥವಾ ಇಲ್ಲ ಎನ್ನುತ್ತೇವೆ. ಕೌಂಟರಿನವರಿಗೆ ಬೇಕಾದದ್ದು ಅಷ್ಟೇ.

ನರ್ಸ್ ಕೇಳಿದ್ದಳು. ನಾನೇ ಇಲ್ಲವೆಂದಿದ್ದೆ. ನಾನೇ ಅವಳ ಮೇಲೆ ದೂರು ಕೊಟ್ಟಿದ್ದೆ.

ಅಷ್ಟರಲ್ಲಿ ಇನ್ನೊಂದು ಗಮನಕ್ಕೆ ಬಂತು. ನನಗೆ ಕಂಡ ದೃಶ್ಯದಲ್ಲಿ ಅಮ್ಮ ಆಸ್ಪತ್ರೆಯ ನೀಲಿ ಅಂಗಿಯಲ್ಲಿದ್ದಳು. ಆದರೆ ಆ ಬೆಳಿಗ್ಗೆ ಅವಳು ಮನೆಯ ನೈಟಿಯ ಮೇಲೆ ಶಾಲು ಹೊದ್ದು ಬಂದಿದ್ದಳು. ನೀಲಿ ಅಂಗಿ ಹಾಕಿದ್ದು ಐಸಿಯುವಿನಲ್ಲಿ. ಹಾಗಾದರೆ ಈ ದೃಶ್ಯವನ್ನು ನಾನು ನೆನೆದದ್ದೋ, ಈಗ ಊಟದ ಮೇಜಿನಲ್ಲಿ ಕೂತು ಕಟ್ಟಿದ್ದೋ? ಅಮ್ಮನ ಮಾತು ಕೇಳಿ ಹೊಲಿದುಕೊಂಡ ಅಂಗಿಯೋ?

"ನಾನು ಇಲ್ಲ ಅಂದೆನಾ?" ಎಂದು ಅಪ್ಪನನ್ನು ಕೇಳಿದೆ.

"ಅಂದಿರಬೇಕು. ಇಲ್ಲದಿದ್ರೆ ನಾನು ಹಾಕ್ತಿದ್ನಾ?"

"ಅಂದದ್ದು ಕೇಳಿಸಿತಾ?"

ಅಪ್ಪ ತಟ್ಟೆಗೆ ಇನ್ನಷ್ಟು ಮಜ್ಜಿಗೆ ಸುರಿದುಕೊಂಡರು. "ಅಂದಿರಬೇಕು ಅಂದೆ," ಎಂದರು.

ಶುಕ್ರವಾರ ಅಪ್ಪನೂ ಮೀಟಿಂಗಿಗೆ ಬಂದರು. ಬರಬೇಡಿ ಎಂದರೂ ಕೇಳಲಿಲ್ಲ. "ಇನಿಶಿಯಲ್ ಹಾಕಿದವನು ನಾನು, ಜವಾಬ್ದಾರಿ ನನ್ನದು," ಎಂದು ಇಸ್ತ್ರಿ ಮಾಡಿದ ಶರಟು, ಕಪ್ಪು ಷೂ ಹಾಕಿಕೊಂಡರು. ನಿವೃತ್ತರಾದ ಮೇಲೆ ಅವರು ಅಷ್ಟು ಉತ್ಸಾಹದಿಂದ ಹೊರಟದ್ದನ್ನು ನಾನು ನೋಡಿರಲಿಲ್ಲ.

ಕೋಣೆಯಲ್ಲಿ ಕ್ವಾಲಿಟಿ ಮೇಡಂ, ಒಂದು ಕಡತ ಹಿಡಿದ ಆಡಳಿತದ ಅಧಿಕಾರಿ, ಮತ್ತು ಆ ನರ್ಸ್. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎದೆಯ ಮೇಲೆ ಗಡಿಯಾರವಿರಲಿಲ್ಲ. ನಾನು ಅದನ್ನೇ ಹುಡುಕುತ್ತಿದ್ದುದನ್ನು ಕಂಡು ತನ್ನ ಅಂಗಿಯನ್ನು ತಾನೂ ನೋಡಿಕೊಂಡಳು.

"ಆ ದಿನ ನೀವು ಇಲ್ಲಿ ಒಂದು ಗಡಿಯಾರ ಹಾಕಿದ್ದಿರಲ್ಲವೇ?" ಎಂದೆ.

"ನನ್ನ ಹತ್ತಿರ ಅಂಥ ಗಡಿಯಾರವೇ ಇಲ್ಲ, ಮೇಡಂ," ಎಂದಳು ಹಿಂದಿಯಲ್ಲಿ.

ನನಗೆ ಸ್ಪಷ್ಟವಾಗಿ ನೆನಪಿದ್ದದ್ದು ಅದೊಂದೇ ಆಗಿತ್ತು.

ನಾನು ಹೇಳಿದೆ: ನನ್ನ ಪತ್ರದ ವಾಕ್ಯದ ಬಗ್ಗೆ ನನಗೀಗ ಭರವಸೆ ಇಲ್ಲ. ಬಹುಶಃ ಸಿಸ್ಟರ್ ಕೇಳಿದ್ದರು. ಅಮ್ಮ ಯಾವುದೋ ಹಳೆಯ ಬದನೆಕಾಯಿಯ ಕಥೆ ಹೇಳಿದ್ದಿರಬಹುದು. ನಾನು ಅದನ್ನು 'ಏನಿಲ್ಲ' ಎಂದು ಹೇಳಿಬಿಟ್ಟಿರಬಹುದು. ಹೇಳುತ್ತಿದ್ದಾಗಲೇ ಇನ್ನೊಂದು ಅನುಮಾನ ಹುಟ್ಟಿತು. ಇದೂ ಇನ್ನೊಂದು ಚಂದದ ಕಥೆಯೋ? ತಪ್ಪನ್ನು ನನ್ನ ಮೇಲೆ ಹೊತ್ತುಕೊಂಡು ದೊಡ್ಡವಳಾಗುವ ಆಸೆಯೋ?

"ಹಾಗಾದರೆ ನಿಮ್ಮ ದೂರು ಸುಳ್ಳು?" ಎಂದರು ಆಡಳಿತದವರು, ಕಡತ ಬಿಡಿಸಿ.

"ಬರೆದಾಗ ನಂಬಿದ್ದೆ."

"ಈಗ?"

"ಈಗ ಗೊತ್ತಿಲ್ಲ."

"ಮೇಡಂ, ಗೊತ್ತಿಲ್ಲ ಅನ್ನುವುದನ್ನು ಇಟ್ಟುಕೊಂಡು ನಾನು ಮೆಮೊ ವಾಪಸು ತೆಗೆಯಲಾರೆ. ಕೇಳಿದರೋ, ಕೇಳಲಿಲ್ಲವೋ? ಒಂದು ಸಾಲು ಬರೆದುಕೊಡಿ."

ನನ್ನಿಂದ ಮತ್ತೊಂದು ಅಚ್ಚುಕಟ್ಟಾದ ವಾಕ್ಯ ಕೇಳುತ್ತಿದ್ದರು. ಮೊದಲನೆಯದು ಅವಳನ್ನು ಸಿಕ್ಕಿಸಿತ್ತು, ಎರಡನೆಯದು ಬಿಡಿಸಬೇಕಿತ್ತು. ನನ್ನ ಪೆನ್ನು ಮೇಲೇಳಲಿಲ್ಲ. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡದಲ್ಲಿ ಮಾತಾಡಿದಳು.

"ಮೇಡಂ, ನಾನು ನರ್ಸಿಂಗ್ ಓದಿದ್ದು ಮಂಗಳೂರಲ್ಲಿ. ಊರು ಕೇರಳ. ಕನ್ನಡ ಸ್ವಲ್ಪ ಅರ್ಥ ಆಗ್ತದೆ. ಅಮ್ಮ ಹೇಳಿದ್ದು ನನಗೂ ಕೇಳಿಸಿತ್ತು."

ಅಪ್ಪ ಕುರ್ಚಿ ಮುಂದಕ್ಕೆಳೆದರು. "ಏನು ಕೇಳಿಸಿತ್ತಮ್ಮ?"

"ಪಕ್ಕದ ಬೆಡ್ಡಲ್ಲಿ ಒಬ್ರು ಬೆರಳು ಕಟ್ ಆದವರು ಇದ್ರು ಅಲ್ವಾ? ನಾನು ಅಲರ್ಜಿ ಕೇಳಿದೆ. ಅಮ್ಮ ಅವರನ್ನ ತೋರಿಸಿ, ಅವನಿಗೆ ಬದನೆಕಾಯಿ ಕೊಡಬೇಡಿ, ನಂಗೆ ಮುಖ ಊದಿತ್ತು ಅಂದ್ರು. ನನಗೆ ನಗು ಬಂತು. ನಮ್ಮ ಅಜ್ಜಿಯೂ ಹಾಗೇ ಹೇಳೋದು. ಫಾರ್ಮಲ್ಲಿ ಔಷಧಿ ಅಂತ ಮಾತ್ರ ಉಂಟು. ಬದನೆಕಾಯಿಗೆ ಜಾಗ ಇಲ್ಲ."

"ಇದನ್ನ ನೀವು ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಗೆ ಹೇಳೋದು ಮೇಡಂ? ಕೇಳದೇ ಬರೆದೆ ಅಂತ ಒಂದು ಮೆಮೊ ಬಂದಾಗಿದೆ. ಕೇಳಿಸಿಕೊಂಡೂ ಬರೀಲಿಲ್ಲ ಅಂತ ಇನ್ನೊಂದು ಬರ್ತದೆ."

ಬೆರಳಿನವನ ಮಾತನ್ನು ನಾನು ಪತ್ರದಲ್ಲಿ ಬರೆದಿರಲಿಲ್ಲ. ಈ ಕೋಣೆಯಲ್ಲಿಯೂ ಹೇಳಿರಲಿಲ್ಲ. ಅಮ್ಮ ನಮಗೂ ಹೇಳಿರಲಿಲ್ಲ. ಅಂದರೆ ಅವಳು ಆ ಹಾಸಿಗೆಯ ಪಕ್ಕ ನಿಂತು ಕೇಳಿದ್ದಳು, ಉತ್ತರಕ್ಕೆ ಕಿವಿ ಕೊಟ್ಟಿದ್ದಳು. ಕಾಲಿಡಲು ನನಗೆ ಒಂದು ಕಲ್ಲು ಸಿಕ್ಕಿತು.

"ಮತ್ತೆ, ಇಲ್ಲ ಅಂದದ್ದು ನಾನೇ ಅಲ್ಲವೇ?" ಎಂದೆ.

ಅವಳು ಅಪ್ಪನ ಕಡೆ ನೋಡಿದಳು. "ನೀವು ಫೋನ್ ನೋಡ್ತಾ ಇದ್ರಿ. ತಲೆ ಆಡಿಸಿದ್ದು ಇವರು."

ಅಪ್ಪ ತಲೆಯಾಡಿಸಿದರು. ಒಪ್ಪಿಕೊಂಡದ್ದೋ, ಅಲ್ಲಗಳೆದದ್ದೋ, ಆ ದಿನದಂತೆ ಈ ದಿನವೂ ತಿಳಿಯಲಿಲ್ಲ. ನಮ್ಮ ತಲೆಯಾಡಿಸುವಿಕೆ ದೆಹಲಿಯವರಿಗೆ ಎಂದೂ ಅರ್ಥವಾದದ್ದಿಲ್ಲ ಎಂದು ಆಫೀಸಿನಲ್ಲಿ ಅವರನ್ನು ತಮಾಷೆ ಮಾಡುತ್ತಿದ್ದುದುಂಟು.

ಇಷ್ಟನ್ನೂ ನಾನು ಹಿಂದಿಗೆ ಇಳಿಸಿದೆ. ಈ ಸಲ ಏನನ್ನೂ ಬಿಡಲಿಲ್ಲ, ನರ್ಸಿನ ಅಜ್ಜಿಯನ್ನೂ. ಕ್ವಾಲಿಟಿ ಮೇಡಂ ಹನ್ನೊಂದನೆಯ ಸಾಲಿನ ಸುತ್ತ ಪೆನ್ಸಿಲಿನಿಂದ ವೃತ್ತ ಎಳೆದರು. "ಇದು. ಇಲ್ಲಿ," ಎಂದರು, ಕಳೆದ ಬೀಗದ ಕೈ ಸಿಕ್ಕವರಂತೆ. "ಎರಡೇ ಚೌಕ. ಕಥೆ ಹೇಳುವವರಿಗೆ ಇಲ್ಲಿ ಜಾಗವೇ ಇಲ್ಲ." ನರ್ಸ್ ಕಡೆ ತಿರುಗಿ, "ಈ ಸಾಲು ಹೇಗಿರಬೇಕು, ನೀವೇ ಹೇಳಿ," ಎಂದರು. ಅವಳು ಗಾಬರಿಯಿಂದ ಆಡಳಿತದವರನ್ನು ನೋಡಿದಳು. ಅವರು ನನ್ನನ್ನು ನೋಡುತ್ತಿದ್ದರು. ಅವರ ಒಂದು ಸಾಲು ಇನ್ನೂ ಬಾಕಿಯಿತ್ತು.

ಬರೆದೆ: "ಸಿಸ್ಟರ್ ಕೇಳಿದರು. ನನ್ನ ತಾಯಿ ಉತ್ತರ ಹೇಳಿದರು. ಅದು ಉತ್ತರವೆಂದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಊತವನ್ನು ಮೊದಲು ಕಂಡು ಡ್ರಿಪ್ ನಿಲ್ಲಿಸಿದವರೂ ಸಿಸ್ಟರೇ." ಅಧಿಕಾರಿ ಓದಿ, ಮೂರನೆಯ ವಾಕ್ಯದ ಅಗತ್ಯವಿಲ್ಲ ಎಂದರು. ನಾನು ತೆಗೆಯಲಿಲ್ಲ. ಅಪ್ಪ ಕೆಳಗೆ ಇನಿಶಿಯಲ್ ಹಾಕಿದರು. ಸಮಯ ಬರೆದರು.

ಮೆಮೊ ಹಿಂದಕ್ಕೆ ಪಡೆದರೆಂದು ಒಂದು ವಾರದ ಮೇಲೆ ಕ್ವಾಲಿಟಿ ಮೇಡಂ ಫೋನು ಮಾಡಿ ತಿಳಿಸಿದರು. ಅದು ನನ್ನ ಪತ್ರದಿಂದಲೋ, ಎಮರ್ಜೆನ್ಸಿಯಲ್ಲಿ ಜನ ಸಾಲದೆಯೋ, ಅವರು ಹೇಳಲಿಲ್ಲ.

ಮರುತಪಾಸಣೆಗೆ ಹೋದದ್ದು ಮೂರು ವಾರ ಕಳೆದು. ಹೊರಗೆ ದೀಪಾವಳಿ ಮುಗಿದ ಹೊಗೆ, ಎಲ್ಲರ ಮುಖಕ್ಕೂ ಮಾಸ್ಕು. ಒಳಗೆ ಹೋಗುವ ದಾರಿಯಲ್ಲಿ ಎಮರ್ಜೆನ್ಸಿಯ ಮೇಜಿನ ಹಿಂದೆ ಆ ನರ್ಸ್ ಇದ್ದಳು. ಅಮ್ಮನನ್ನು ಕಂಡು ಎದ್ದು ಬಂದಳು. "ಅಮ್ಮಾ, ಹೊಸ ಫಾರ್ಮ್ ಬಂದಿದೆ. ನಿಮ್ಮದು ಸರಿಯಾಗಿ ಬರೀಬೇಕು, ಕೂತ್ಕೊಳ್ಳಿ."

ಹನ್ನೊಂದನೆಯ ಸಾಲು ಈಗ ಅರ್ಧ ಪುಟದಷ್ಟಾಗಿತ್ತು. ಚೌಕಗಳು ಮೂರು. ಮೂರನೆಯದು 'ಗೊತ್ತಿಲ್ಲ'. ಅದರ ಕೆಳಗೆ ಖಾಲಿ ಗೆರೆಗಳು: ಯಾವತ್ತಾದರೂ ಮೈ ಊದಿತ್ತೇ, ಆಗ ಏನು ತಿಂದಿದ್ದಿರಿ, ಆಗ ಯಾವ ಮಾತ್ರೆ ನಡೆಯುತ್ತಿತ್ತು. ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ಅಂಗೈ ತೋರಿಸಿದಳು. ತಡೆದೆ. ಅಮ್ಮನ ಮಾತಿಗೆ ಅಡ್ಡ ಬರದೆ ನಿಲ್ಲುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ.

ಅಮ್ಮ ಕ್ವಾರ್ಟರ್ಸಿನಿಂದಲೇ ಶುರು ಮಾಡಿದಳು. ಯಾವ ಬ್ಲಾಕು, ಎಷ್ಟನೆಯ ಮಹಡಿ, ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು. ಹಲ್ಲು. ಬದನೆಕಾಯಿ. ನರ್ಸ್ ಬರೆಯುತ್ತಲೇ ಇದ್ದಳು. ಆಮೇಲೆ ತಲೆಯೆತ್ತದೆ ಕೇಳಿದಳು: "ಹಲ್ಲಿನ ಡಾಕ್ಟ್ರು ಯಾವ ಮಾತ್ರೆ ಕೊಟ್ಟಿದ್ರು?"

"ನೋವಿಗೆ ಬಿಳೀದು. ಅದು ಈಗಲೂ ತಗೋತೀನಿ, ಏನೂ ಆಗಲ್ಲ."

"ಅದೊಂದೇನಾ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪನ ಕಡೆ ಒಮ್ಮೆ ನೋಡಿದಳು. "ಇವಳ ಮಾತ್ರೆ ಎರಡು," ಎಂದಳು.

"ಯಾರ ಮಾತ್ರೆ?" ಎಂದರು ಅಪ್ಪ.

"ಇವಳದ್ದೇ. ಕಿವಿ ಸೋರ್ತಿತ್ತಲ್ಲ ಆಗ? ಡಿಸ್ಪೆನ್ಸರಿಯಿಂದ ಕ್ಯಾಪ್ಸೂಲ್ ತಂದಿದ್ರಿ. ಎರಡು ಉಳಿದಿತ್ತು. ಹಲ್ಲುನೋವು ತಡೀಲಾರದೆ ನುಂಗಿಬಿಟ್ಟೆ."

"ಮಗುವಿನ ಮಾತ್ರೆ ನುಂಗಿದ್ಯಾ?"

"ನೋಡಿ, ಹೀಗೆ ಕೇಳ್ತೀರಿ ಅಂತಾನೇ ಹೇಳಲಿಲ್ಲ."

"ಮತ್ತೆ ಬದನೆಕಾಯಿ?"

"ಅದೂ ತಿಂದಿದ್ದೆ. ತಟ್ಟೇಲಿ ಇತ್ತು. ಪಕ್ಕದ ಮನೆ ಧಾರವಾಡದೋರು ಬಂದು ನೋಡಿ, 'ಬದನಿಕಾಯಿ ತಿಂದೀರಿ, ನಂಜಾಗೇತಿ' ಅಂದ್ರು. ನಾನು ಹೂಂ ಅಂದೆ. ಅದೇ ಗಟ್ಟಿಯಾಯ್ತು."

"ಅಷ್ಟು ವರ್ಷ ಬದನೆಕಾಯಿ ಮುಟ್ಟದೇ ಇದ್ದೆಯಲ್ಲೇ!"

"ತಿಂದು ಏನೂ ಆಗದೇ ಇದ್ದಿದ್ರೆ ನಿಮಗೆ ಗೊತ್ತಾಗ್ತಿರಲಿಲ್ವಾ?"

"ನಾನು ಯಾವಾಗ ನಿನ್ನ ಬೈದಿದ್ದೆ?" ಎಂದರು ಅಪ್ಪ, ಸಣ್ಣ ದನಿಯಲ್ಲಿ.

"ಬೈಯೋಕೆ ನಾನೆಲ್ಲಿ ಬಿಟ್ಟೆ?"

ನರ್ಸ್ ನಗಲಿಲ್ಲ. ಬರೆಯುವುದನ್ನು ನಿಲ್ಲಿಸಿ ನನ್ನನ್ನು ಕೇಳಿದಳು: "ಮೇಡಂ, ಕಿವಿಗೆ ಆಗೆಲ್ಲ ಹೆಚ್ಚಾಗಿ ಕೊಡ್ತಿದ್ದದ್ದು ಪೆನ್ಸಿಲಿನ್ ಜಾತಿಯದ್ದೇ. ನಿಮಗೆ ಚಿಕ್ಕವರಿದ್ದಾಗ ಕಿವಿ ಸೋರ್ತಿತ್ತಾ?"

ನಾನು ಕಿವಿ ಮುಟ್ಟಿಕೊಂಡೆ. ಹತ್ತಿಯ ಉಂಡೆ ನೆನಪಾದಂತಾಯಿತು. ಬಿಸಿ ಎಣ್ಣೆಯ ವಾಸನೆಯೂ ಬಂದಂತಾಯಿತು. ಎರಡೂ ಆಗಷ್ಟೇ ಹುಟ್ಟಿದವೇ ಇರಬಹುದು. ನೀಲಿ ಅಂಗಿಯ ಹಾಗೆ, ಗಡಿಯಾರದ ಹಾಗೆ.

"ಗೊತ್ತಿಲ್ಲ," ಎಂದೆ.

ಅವಳು ಅದನ್ನೂ ಬರೆದಳು. ಜಾಗ ಸಾಲದೆ ಪುಟದ ಅಂಚಿನಲ್ಲಿ ಮೇಲಕ್ಕೆ ಹತ್ತಿಸಿ ಬರೆದಳು. ಆಮೇಲೆ ಫಾರ್ಮನ್ನು ಅಪ್ಪನ ಮುಂದಿಟ್ಟು ಸಹಿಯ ಜಾಗ ತೋರಿಸಿದಳು. ಅಪ್ಪ ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಮತ್ತೆ ಹಾಕಿದರು. ಕನ್ನಡಕ ಹುಡುಕಿ ಮೂಗಿನ ಮೇಲೇರಿಸಿ, ಒಂದನೆಯ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ನಮ್ಮ ಹಿಂದೆ ಸರದಿಯಲ್ಲಿ ನಿಂತವರು, "ಅಂಕಲ್ ಜೀ, ಜಲ್ದಿ ಕೀಜಿಯೇ," ಎಂದು ಗೊಣಗುತ್ತಿದ್ದರು. ಅಪ್ಪನ ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು.